ಒಂಬತ್ತು ನಿಮಿಷದ ಹಬೆ

ಭಾನುವಾರ ಮಧ್ಯಾಹ್ನ ಮೂರಕ್ಕೆ ಕನ್ನಡಕದಂಗಡಿಯ ಷಟರ್ ಅರ್ಧ ಇಳಿದಿದೆ ಎಂದರೆ ಒಳಗೆ ಸಿನಿಮಾ ಸಂಘ ಸೇರಿದೆ ಎಂದು ಅರ್ಥ. ಸಂಘ ಎಂದ ಮಾತ್ರಕ್ಕೆ ದೊಡ್ಡದೇನೋ ಎಂದುಕೊಳ್ಳಬೇಡಿ. ಇರುವವರೇ ನಾಲ್ಕು ಜನ. ಮೂವತ್ತೈದು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು, ಲೈಬ್ರರಿ ಮೇಡಂ, ಒಬ್ಬ ಪ್ಲಂಬರ್, ಮತ್ತೆ ಅಂಗಡಿಯ ಯಜಮಾನ. ಇವನನ್ನು ಎಲ್ಲರೂ ಕರೆಯುವುದು ಕನ್ನಡಕದವರು ಎಂದೇ. ಹೆಸರು ಹಿಡಿದು ಕೂಗಿದರೆ ಅವನೇ ಒಂದು ಕ್ಷಣ ಯಾರನ್ನೋ ಕರೆದರು ಎಂದು ಹಿಂದೆ ತಿರುಗಿ ನೋಡುತ್ತಾನೆ.

ಅಂಗಡಿಯ ಹಿಂದೆ ಕಣ್ಣು ಪರೀಕ್ಷೆಯ ಕೋಣೆ. ಕಿಟಕಿ ಇಲ್ಲ, ಬಾಗಿಲು ಹಾಕಿದರೆ ಹಗಲಲ್ಲೂ ಕಗ್ಗತ್ತಲು, ಎದುರಿಗೆ ಬೆಳ್ಳನೆಯ ಗೋಡೆ. ಸಿನಿಮಾಕ್ಕೆ ಇನ್ನೇನು ಬೇಕು? ಭಾನುವಾರ ಅಕ್ಷರಗಳ ಹಲಗೆಯನ್ನು ಇಳಿಸಿದರೆ ಗೋಡೆಯೇ ಪರದೆ. ಹಲಗೆ ತೂಗುಹಾಕುವ ಮೊಳೆಯೊಂದು ಮಾತ್ರ ಅಲ್ಲೇ ಉಳಿಯುತ್ತದೆ. ಕಿತ್ತರೆ ಗಾರೆ ಉದುರುತ್ತದೆ ಎಂದು ಯಾರೂ ಮುಟ್ಟಿಲ್ಲ. ಏಳು ವರ್ಷಗಳಿಂದ ಎಷ್ಟೋ ನಾಯಕಿಯರ ಕೆನ್ನೆಯ ಮೇಲೆ ಆ ಮೊಳೆ ಮಚ್ಚೆಯಾಗಿ ಕೂತು ಹೋಗಿದೆ.

ಇವರು ನೋಡುವುದು ಹಾಡು, ಹೊಡೆದಾಟದ ಚಿತ್ರಗಳನ್ನಲ್ಲ. ಒಬ್ಬ ಮನುಷ್ಯ ಗುಡ್ಡ ಇಳಿದು ಬರುವುದಕ್ಕೇ ಕಾಲು ಗಂಟೆ ಹಿಡಿಯುತ್ತದಲ್ಲ, ಬಂದ ಮೇಲೂ ಏನೂ ಮಾತಾಡುವುದಿಲ್ಲವಲ್ಲ, ಅಂಥವು. ಅದಕ್ಕೆ ತಕ್ಕ ಹಾಗೆ ಸಂಘದ ನಿಯಮಗಳೂ ಕಟ್ಟುನಿಟ್ಟು. ಚಿತ್ರ ನಡೆಯುವಾಗ ಯಾರೂ ಪಿಟ್ಟೆನ್ನಬಾರದು. ಮುಗಿದ ಮೇಲೆ ಒಂದು ಲೋಟ ಚಹಾ, ಅದೂ ಮೌನವಾಗಿ. ಆಮೇಲೆ ಸರದಿಯ ಪ್ರಕಾರ ಮಾತು, ಮೊದಲು ಹಿರಿಯರು, ಕೊನೆಗೆ ಹೊಸಬರು. ಹೊಸಬರು ಏನಾದರೂ ಹೇಳಲೇಬೇಕು, "ಚೆನ್ನಾಗಿತ್ತು" ಎಂದು ಜಾರಿಕೊಳ್ಳುವ ಹಾಗಿಲ್ಲ. ಹೇಳಿದ್ದೆಲ್ಲವನ್ನೂ ಲೈಬ್ರರಿ ಮೇಡಂ ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಆ ನೋಟ್‌ಬುಕ್ಕನ್ನು ಇದುವರೆಗೆ ಯಾರೂ ತೆರೆದು ಓದಿಲ್ಲ, ಅದು ಬೇರೆ ಮಾತು.

ಏಳು ವರ್ಷದಲ್ಲಿ ಹೊಸಬರು ಯಾರೂ ಬಂದಿರಲಿಲ್ಲ. ಈ ಭಾನುವಾರ ಒಬ್ಬರು ಬರುವವರಿದ್ದರು. ಕನ್ನಡಕದವನ ಹೆಂಡತಿ.

ಅವಳು ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದವಳು. ಕಾಯಿಲೆಗೆ ಭಾನುವಾರ ಎಂಬುದಿಲ್ಲ, ಹಾಗಾಗಿ ಅವಳಿಗೂ ಇರಲಿಲ್ಲ. ನಸುಕಿಗೆ ಎದ್ದು ಹೋದರೆ ಅವಳು ಮನೆ ಸೇರುವಾಗ ಇವನು ಅಂಗಡಿಯಲ್ಲಿರುತ್ತಿದ್ದ, ಇವನು ಅಂಗಡಿ ಮುಚ್ಚಿ ಬರುವಾಗ ಅವಳಿಗೆ ಕಣ್ಣು ಎಳೆಯುತ್ತಿತ್ತು. ಹೋದ ತಿಂಗಳು ನಿವೃತ್ತಳಾದಳು. ಮೊದಲ ಭಾನುವಾರ ಒಬ್ಬಳೇ ಮನೆಯಲ್ಲಿ ಕೂತಳು. ಎರಡನೆಯ ಭಾನುವಾರ ಎಲ್ಲ ಡಬ್ಬಿಗಳನ್ನೂ ತೊಳೆದಳು. ಮೂರನೆಯದಕ್ಕೂ ಅವನ್ನೇ ತೊಳೆಯಲು ಹೊರಟಾಗ ಇವನಿಗೆ ನೋಡಲಾಗಲಿಲ್ಲ.

"ಮುಂದಿನ ವಾರ ನೀನೂ ಬಾರೇ, ಸಿನಿಮಾಕ್ಕೆ" ಎಂದ.

"ನಿಮ್ಮ ಸಿನಿಮಾಗಳಲ್ಲಿ ನನಗೆ ನಿದ್ದೆ ಬರುತ್ತೆ ಕಣ್ರೀ" ಎಂದಳು ಅವಳು. ಆಮೇಲೆ ಅವನ ಮುಖ ನೋಡಿ, "ಒಂದ್ಸಲ ಬರ್ತೀನಿ. ಇಷ್ಟ ಆಗದಿದ್ರೆ ಮತ್ತೆ ಕರೀಬಾರ್ದು. ನೀವೂ ನಿಮ್ಮ ಸಂಘ ಬಿಡಬಾರ್ದು. ನಿಮ್ಮ ಭಾನುವಾರ ನಿಮಗೆ, ನನ್ನದು ನನಗೆ" ಎಂದಳು.

ಕೋಪದಿಂದ ಹೇಳಿದ್ದಲ್ಲ, ಲೆಕ್ಕಾಚಾರವಾಗಿ ಹೇಳಿದ್ದು. ಅವನಿಗೆ ನಾಟಿದ್ದೂ ಅದೇ. ಇಷ್ಟು ವರ್ಷ ಕೆಲಸ ಇಬ್ಬರನ್ನೂ ಬೇರೆ ಬೇರೆ ಹೊತ್ತಿಗೆ ಎಳೆದುಕೊಂಡು ಹೋಗಿತ್ತು. ಈಗ ಹೊತ್ತು ಸಿಕ್ಕಿದ ಮೇಲೂ ಬೇರೆ ಬೇರೆಯೇ ಎಂದರೆ? ಅವಳು ಇನ್ನೊಂದು ಭಾನುವಾರವೂ ಬರಬೇಕು, ಅಷ್ಟೇ ಅವನ ಆಸೆ. ಅದಕ್ಕಾಗಿ ವಾರವಿಡೀ ತಲೆ ಕೆಡಿಸಿಕೊಂಡು, ಇದ್ದುದರಲ್ಲಿ ಚಿಕ್ಕ ಚಿತ್ರವನ್ನೇ ಆರಿಸಿದ. ಒಬ್ಬ ಮುದುಕ, ಒಬ್ಬಳು ಮುದುಕಿ, ಒಂದು ಅಡುಗೆಮನೆ. ಅಡುಗೆಮನೆ ಎಂದರೆ ಅವಳಿಗೆ ಹಿಡಿಸೀತು ಎಂಬ ದೂರಾಲೋಚನೆ. ಇಪ್ಪತ್ತೆಂಟು ವರ್ಷ ಅದರಲ್ಲೇ ಬೆಂದವಳಿಗೆ ಭಾನುವಾರವೂ ಅಡುಗೆಮನೆಯೇ ಎಂದು ಹೊಳೆದದ್ದು ಶನಿವಾರ ರಾತ್ರಿ. ಅಷ್ಟರಲ್ಲಿ ಹೊತ್ತು ಮೀರಿತ್ತು.

ಭಾನುವಾರ ಅವನ ಗಡಿಬಿಡಿ ಹೇಳತೀರದು. ಹೆಂಡತಿಗೆ ಬೆಂಚಿನ ಮೇಲೆ ದಿಂಬು ಹಾಕಿದ, ತೆಗೆದ, ಮತ್ತೆ ಹಾಕಿದ. ಪ್ರೊಜೆಕ್ಟರಿನ ರಿಮೋಟು ಏಳು ವರ್ಷದಿಂದ ಅವನ ಅಂಗಿಯ ಜೇಬು ಬಿಟ್ಟು ಕದಲಿದ್ದಿಲ್ಲ. ಅಂದು ದಿಂಬು ಸರಿಮಾಡುವ ಭರದಲ್ಲಿ ಅದನ್ನು ಎಲ್ಲಿಟ್ಟನೋ ಮರೆತ. ಚಿತ್ರ ಶುರುವಾಗಿತ್ತು, ಇನ್ನು ಅದರ ಅಗತ್ಯವೂ ಇರಲಿಲ್ಲ. ಮೇಷ್ಟ್ರು ಎಂದಿನಂತೆ ಕಣ್ಣು ಪರೀಕ್ಷೆಯ ದೊಡ್ಡ ಕುರ್ಚಿಯಲ್ಲಿ ವಿರಾಜಮಾನರಾದರು. ಕೈಯಿರುವ ಕುರ್ಚಿ ಅದೊಂದೇ, ಅದು ಹಿರಿತನದ ಹಕ್ಕು.

ಚಿತ್ರದಲ್ಲಿ ಮುದುಕಿ ಒಂದು ಚೀಲ ತುಂಬಿಕೊಂಡು ಬಾಗಿಲ ಬಳಿ ಇಟ್ಟಿದ್ದಾಳೆ. ಮನೆ ಬಿಟ್ಟು ಹೋಗುವವಳು. ಮುದುಕ ಮೇಜಿನ ಮುಂದೆ ಕೂತಿದ್ದಾನೆ, ಬೇಡ ಎನ್ನುವುದಿಲ್ಲ, ಹೋಗು ಎನ್ನುವುದಿಲ್ಲ. ಒಲೆಯ ಮೇಲೆ ಕೆಟಲು. ಅವಳು ನಮಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದಾಳೆ. ಹಾಗೇ ನಿಂತಿದ್ದಾಳೆ. ಕೋಣೆಯಲ್ಲಿ ಸದ್ದಿಲ್ಲ, ಪರದೆಯಲ್ಲೂ ಸದ್ದಿಲ್ಲ. ನಿಂತೇ ಇದ್ದಾಳೆ. ಕನ್ನಡಕದವನಿಗೆ ಉಸಿರು ಬಿಗಿಹಿಡಿದ ಹಾಗಾಯಿತು. ಎಂಥ ಧೈರ್ಯದ ನಿರ್ದೇಶಕನಪ್ಪಾ ಎಂದುಕೊಂಡ. ಮರುಗಳಿಗೆಯೇ ಪಕ್ಕದಲ್ಲಿ ಹೆಂಡತಿ ಕದಲಿದ್ದು ಗೊತ್ತಾಯಿತು. ಮುಗೀತು, ನಿದ್ದೆ ಬಂತು ಇವಳಿಗೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ, ಪರದೆಯನ್ನೇ ನೋಡುತ್ತ ಕೂತ.

ಕೊನೆಗೂ ಮುದುಕಿ ಅಲುಗಾಡಿದಳು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಚಿತ್ರದಲ್ಲಿ ಮುಂದೆ ಹೆಚ್ಚೇನೂ ಇರಲಿಲ್ಲ. ಚೀಲ ಅಟ್ಟಕ್ಕೆ ಏರಿತು, ಮುದುಕಿ ಮನೆಯಲ್ಲೇ ಉಳಿದಳು, ಹೆಸರುಗಳು ಬಂದವು, ದೀಪ ಹತ್ತಿತು.

ಮೌನದ ಚಹಾ ಮುಗಿಯುತ್ತಲೇ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಎಷ್ಟು ಸಿನಿಮಾ ನೋಡಿದೀವಿ ನಾವು? ಮುನ್ನೂರು? ಇಂಥ ದೃಶ್ಯ ಇನ್ನೊಂದು ನೋಡಿಲ್ಲ. ಆಕೆ ನಿಂತಿದ್ದಾಳೆ. ಕಾಲವೇ ಅವಳ ಜೊತೆ ನಿಂತುಬಿಟ್ಟಿದೆ! ಹೋಗಬೇಕೋ ಇರಬೇಕೋ ಅನ್ನೋ ತೀರ್ಮಾನ ಆಗ್ತಾ ಇರೋದು ಆಗಲೇ. ನಮ್ಮನ್ನೂ ಅಷ್ಟು ಹೊತ್ತು ಅಲ್ಲೇ ನಿಲ್ಲಿಸಿಬಿಟ್ಟ ಆ ಪುಣ್ಯಾತ್ಮ."

"ಒಂಬತ್ತು ನಿಮಿಷ" ಎಂದ ಪ್ಲಂಬರ್. "ನಾನು ವಾಚು ನೋಡ್ದೆ. ಒಂಬತ್ತು ನಿಮಿಷ ಆಯಮ್ಮ ಒಂದು ಚೂರೂ ಅಲುಗಾಡಲಿಲ್ಲ ಸಾರ್. ನಟನೆ ಅಂದ್ರೆ ಅದು! ನಾನು ಸಿಂಕ್ ಕೆಳಗೆ ಎರಡು ನಿಮಿಷ ಬಗ್ಗಿದ್ರೆ ಸೊಂಟ ಹಿಡ್ಕೊಳ್ಳುತ್ತೆ."

ಲೈಬ್ರರಿ ಮೇಡಂ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ನೀವ್ಯಾರೂ ಒಂದನ್ನ ಗಮನಿಸಿಲ್ಲ. ಆ ದೃಶ್ಯದ ಶುರುವಿನಲ್ಲಿ ಪರದೆ ಮೂಲೆಯಲ್ಲಿ ಎರಡು ಬಿಳಿ ಗೆರೆ ಮೂಡಿ ಮಾಯವಾದ್ವು. ನೆಟ್ಟಗೆ, ಪಕ್ಕಪಕ್ಕದಲ್ಲಿ, ಒಂದಕ್ಕೊಂದು ತಾಗದ ಹಾಗೆ. ಗಂಡ ಹೆಂಡತಿ! ಒಂದೇ ಮನೆಯಲ್ಲಿದ್ದೂ ಸೇರದ ಇಬ್ಬರು. ನನಗಂತೂ ಮೈ ಜುಮ್ ಅಂತು."

ಮೇಷ್ಟ್ರು "ಆಹಾ" ಎಂದು ಕಣ್ಣು ಮುಚ್ಚಿಕೊಂಡರು. ಕನ್ನಡಕದವನೂ ಆ ಒಂಬತ್ತು ನಿಮಿಷಗಳ ಬಗ್ಗೆ ತನ್ನ ನಾಲ್ಕು ಮಾತು ಸೇರಿಸಿದ. ಆದರೆ ಜೀವವೆಲ್ಲ ಪಕ್ಕದಲ್ಲಿತ್ತು. ಹೆಂಡತಿ ಒಬ್ಬೊಬ್ಬರ ಮುಖವನ್ನೂ ಸರದಿಯಲ್ಲಿ ನೋಡುತ್ತಿದ್ದಳು. ಅವಳ ತುಟಿಯ ಕೊನೆ ಒಂಚೂರು ಅದುರುತ್ತಿತ್ತು. ಅದು ಅವಳು ನಗು ತಡೆದುಕೊಳ್ಳುವ ರೀತಿ ಎಂದು ಅವನಿಗೆ ಗೊತ್ತು.

"ಈಗ ನೀವು ಹೇಳ್ಬೇಕಮ್ಮ" ಎಂದರು ಮೇಷ್ಟ್ರು. "ಸಂಕೋಚ ಬೇಡ. ಇಲ್ಲಿ ತಪ್ಪು ಸರಿ ಅಂತ ಇಲ್ಲ."

"ಇದೆ ಅನ್ಸುತ್ತೆ ಮೇಷ್ಟ್ರೇ" ಎಂದಳು ಅವಳು. "ಬೇಜಾರು ಮಾಡ್ಕೋಬೇಡಿ. ಹಬೆ ನಿಂತಿತ್ತಲ್ಲ?"

"ಹಬೆ?"

"ಕೆಟಲಿಂದು. ಕುದಿಯೋ ನೀರಿನ ಹಬೆ ನಿಲ್ಲಲ್ಲ. ಇಪ್ಪತ್ತೆಂಟು ವರ್ಷ ನೋಡಿದೀನಿ, ಒಲೆ ಆರಿಸಿದ್ರೂ ಸ್ವಲ್ಪ ಹೊತ್ತು ಆಡ್ತಾನೇ ಇರುತ್ತೆ. ಇದು ಗೋಡೆಗೆ ಅಂಟಿಸಿದ ಹಾಗೆ ನಿಂತಿತ್ತು. ಆಯಮ್ಮ ಅಲುಗಾಡದೆ ಇರಬಹುದು ಬಿಡಿ, ಹಬೆಗೂ ನಟನೆ ಬರುತ್ತಾ?"

ಎಲ್ಲರೂ ಖಾಲಿ ಗೋಡೆಯತ್ತ ತಿರುಗಿದರು. ಅವಳೇ ಮುಂದುವರಿಸಿದಳು. "ಮೇಷ್ಟ್ರೇ, ನೀವು ಶಾಲು ಎಳ್ಕೊಂಡು ಸರಿಯಾಗಿ ಕೂತಾಗ ಹಬೆ ನಿಂತುಹೋಯ್ತು. ಆಮೇಲೆ ಕಾಲು ಜೋಮು ಹಿಡೀತು ಅಂತ ಮಗ್ಗುಲು ಬದಲಾಯ್ಸಿದ್ರಲ್ಲ, ಆಗ ಮತ್ತೆ ಶುರುವಾಯ್ತು. ಒಂದು ನಿಮಿಷ ಎದ್ದೇಳ್ತೀರಾ?"

ಮೇಷ್ಟ್ರು ಎದ್ದರು. ಕುರ್ಚಿಯ ಮೇಲೆ, ಅವರು ಕೂತು ಕೂತು ಬಿದ್ದ ತಗ್ಗಿನಲ್ಲಿ, ರಿಮೋಟು ಬೆಚ್ಚಗೆ ಮಲಗಿತ್ತು.

ಕನ್ನಡಕದವನಿಗೆ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ರಿಮೋಟು ಅಲ್ಲಿಟ್ಟವನು ತಾನು, ಯಂತ್ರದ ಉಸ್ತುವಾರಿ ತನ್ನದು, ಅಷ್ಟಾಗಿಯೂ ಒಂಬತ್ತು ನಿಮಿಷ ನಿಂತ ಚಿತ್ರವನ್ನು ನೋಡಿ ಮೈಮರೆತವನೂ ತಾನೇ. ಲೈಬ್ರರಿ ಮೇಡಂ ರಿಮೋಟನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಚಿತ್ರ ನಿಲ್ಲಿಸುವ ಗುಂಡಿಯ ಮೇಲೆ ಎರಡು ಬಿಳಿ ಗೆರೆಗಳಿದ್ದವು. ನೆಟ್ಟಗೆ, ಪಕ್ಕಪಕ್ಕದಲ್ಲಿ, ಒಂದಕ್ಕೊಂದು ತಾಗದ ಹಾಗೆ.

"ಗಂಡ ಹೆಂಡತಿ" ಎಂದ ಪ್ಲಂಬರ್, ಮೆಲ್ಲಗೆ.

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಸಂಘ ಉಳಿಯುವುದೂ ಮುರಿಯುವುದೂ ಈಗ ಆ ಮುಖದಲ್ಲಿತ್ತು. ಮೇಷ್ಟ್ರು ಕುರ್ಚಿಯನ್ನು ನೋಡಿದರು, ರಿಮೋಟನ್ನು ನೋಡಿದರು, ತಮ್ಮ ಶಾಲನ್ನು ನೋಡಿಕೊಂಡರು.

"ಅಂದ್ರೆ, ಆ ದೃಶ್ಯ ತೆಗೆದ ಪುಣ್ಯಾತ್ಮ ನಾನೇ!" ಎಂದರು. "ಕ್ಯಾಮೆರಾನೂ ಮುಟ್ಟದೆ! ಕೂತ ಕಡೆಯಿಂದಲೇ!"

ನಗು ಶುರುವಾದದ್ದು ಅವರಿಂದಲೇ. ಪ್ಲಂಬರ್ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತ. ಲೈಬ್ರರಿ ಮೇಡಂ ಕಣ್ಣೊರೆಸಿಕೊಳ್ಳುತ್ತ, ನೋಟ್‌ಬುಕ್ಕಿನಲ್ಲಿ ನಿರ್ದೇಶಕರ ಹೆಸರಿನ ಮುಂದೆ "ಮತ್ತು ನಮ್ಮ ಮೇಷ್ಟ್ರು" ಎಂದು ಸೇರಿಸಿದರು. ಎರಡು ಗೆರೆಗಳ ವಿಷಯವನ್ನು ಮಾತ್ರ ಹೊಡೆದು ಹಾಕಲಿಲ್ಲ. ಯಂತ್ರದ್ದಾದರೇನು, ಅರ್ಥ ಸರಿಯಾಗಿಯೇ ಇದೆ ಎಂದು ವಾದಿಸಿದರು.

ಕನ್ನಡಕದವನಿಗೆ ಮಾತ್ರ ನಗು ಪೂರ್ತಿ ಬರಲಿಲ್ಲ. ಅವಳ ಕಣ್ಣಿಗೆ ನಾವೆಲ್ಲ ಈಗ ಎಂಥ ದಡ್ಡರಾಗಿ ಕಂಡಿರಬೇಕು ಎಂಬುದೇ ಕೊರೆಯುತ್ತಿತ್ತು.

"ಇನ್ನೊಂದ್ಸಲ ಹಾಕಿ, ಅದನ್ನ" ಎಂದಳು ಅವಳು. "ನಿಜವಾದ್ದು ನೀವ್ಯಾರೂ ನೋಡ್ಲೇ ಇಲ್ಲ."

ಹಾಕಿದ. ಈ ಸಲ ಹಬೆ ಆಡುತ್ತಿತ್ತು. ಮುದುಕಿ ನಿಂತದ್ದು ಒಂದು ನಿಮಿಷವೂ ಇಲ್ಲ. ಅವಳು ಒಲೆ ಆರಿಸುತ್ತಿರುವಾಗ, ಮೇಜಿನ ಮೇಲೆ ಮುದುಕನ ಕೈ ಒಂಚೂರು ಮುಂದೆ ಬಂದು ಅವಳ ಕಪ್ಪನ್ನು ಅರ್ಧ ಸುತ್ತು ತಿರುಗಿಸಿತು. ಅಷ್ಟೇ. ಮೊದಲ ಸಲ ಒಂಬತ್ತು ನಿಮಿಷದ ಮಂಪರಿನಿಂದ ಎದ್ದು ಎಲ್ಲರೂ ಕಣ್ಣುಜ್ಜಿಕೊಳ್ಳುವಾಗ ಅದು ಕಳೆದುಹೋಗಿತ್ತು.

"ಆಯಮ್ಮ ಎಡಗೈಯವಳು" ಎಂದಳು ಹೆಂಡತಿ. "ಚೀಲ ತುಂಬೋದು, ಚಿಲಕ ಹಾಕೋದು, ಎಲ್ಲ ಎಡಗೈಲೇ. ಕಪ್ಪಿನ ಹಿಡಿ ಬಲಕ್ಕಿತ್ತು. ಅಜ್ಜ ಅದನ್ನ ಎಡಕ್ಕೆ ತಿರುಗಿಸ್ತಾನೆ. ಇರು ಅಂತ ಬಾಯಿಬಿಟ್ಟು ಹೇಳೋಕೆ ಬರಲ್ಲ ಆ ಮನುಷ್ಯನಿಗೆ. ಆದ್ರೆ ನಲವತ್ತು ವರ್ಷದಿಂದ ಅವಳು ಯಾವ ಕೈಲಿ ಕಪ್ಪು ಹಿಡೀತಾಳೆ ಅಂತ ಗೊತ್ತು. ಅವಳು ತಿರುಗಿದಾಗ ಅದನ್ನ ನೋಡ್ತಾಳೆ. ಚೀಲ ಮೇಲೆ ಹೋಗೋದು ಅದಕ್ಕೇ."

ಕೋಣೆ ಮತ್ತೆ ಸ್ತಬ್ಧವಾಯಿತು. ಈ ಸಲ ಯಾರ ಕೈಯೂ ರಿಮೋಟಿನ ಮೇಲಿರಲಿಲ್ಲ. ಮೇಷ್ಟ್ರು ತಮ್ಮ ಜಾಗಕ್ಕೆ ಹೋಗದೆ ನಿಂತೇ ಇದ್ದರು. ಆಮೇಲೆ ಕಣ್ಣು ಪರೀಕ್ಷೆಯ ಕುರ್ಚಿಯನ್ನು ಶಾಲಿನ ತುದಿಯಿಂದ ಒರೆಸಿ, "ಮುಂದಿನ ವಾರ ಇಲ್ಲಿ ನೀವು ಕೂತ್ಕೊಳ್ಳಿ ತಾಯಿ" ಎಂದರು. ಏಳು ವರ್ಷದಲ್ಲಿ ಪ್ಲಂಬರ್ ಆ ಕುರ್ಚಿಗಾಗಿ ಎಷ್ಟು ಸಲ ಸೊಂಟ ನೋವಿನ ನೆಪ ಹೇಳಿದ್ದನೋ ಅವನಿಗೇ ಗೊತ್ತು. ಅವನೂ ತಕರಾರು ತೆಗೆಯಲಿಲ್ಲ.

ಅವಳು ಸುಮ್ಮನೆ ನಕ್ಕಳು.

ಅಂಗಡಿಗೆ ಬೀಗ ಹಾಕಿ ಇಬ್ಬರೂ ಮನೆಯ ಕಡೆ ಹೊರಟಾಗ ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಅವನು ಮೂರು ಅಂಗಡಿ ದಾಟುವ ತನಕ ತಡೆದುಕೊಂಡ. ಮೂಲೆ ತಿರುಗಿದ ಮೇಲೆ ಆಗಲಿಲ್ಲ.

"ಅಲ್ಲ ಕಣೇ, ನೀನು ಪಕ್ಕದಲ್ಲೇ ಕೂತಿದ್ದೆ. ಚಿತ್ರ ನಿಂತಿದೆ ಅಂತ ಆಗಲೇ ಗೊತ್ತಾಗಿದ್ರೆ ಒಂದು ಸಲ ಮೊಣಕೈಯಲ್ಲಿ ತಿವಿಯೋದಲ್ವಾ? ಒಂಬತ್ತು ನಿಮಿಷ ಏನು ಮಾಡ್ತಿದ್ದೆ?"

"ತಿವಿಯೋಣ ಅಂತಲೇ ತಿರುಗಿದೆ."

"ಮತ್ತೆ?"

"ನೀವು ಬಾಯಿ ಬಿಟ್ಕೊಂಡು ಗೋಡೆ ನೋಡ್ತಿದ್ರಿ. ಮುಖದ ಮೇಲೆ ಬೆಳಕಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಈ ಕಡೆ ಹುಬ್ಬಲ್ಲಿ ನರೆ ಬಂದಿದೆ ನಿಮಗೆ, ಗೊತ್ತಾ? ನನಗೆ ಗೊತ್ತೇ ಇರಲಿಲ್ಲ. ನಾನು ಹೋಗುವಾಗ ನೀವು ಮಲಗಿರ್ತಿದ್ರಿ, ನೀವು ಬರುವಾಗ ನಾನು ಮಲಗಿರ್ತಿದ್ದೆ. ನಿಮ್ಮ ಮುಖ ಅಷ್ಟು ಹೊತ್ತು ನೋಡಿ ಯಾವ ಕಾಲ ಆಗಿತ್ತೋ. ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ ಅನ್ನಿಸ್ತು."

ಅವನು ನಡುಬೀದಿಯಲ್ಲಿ ನಿಂತುಬಿಟ್ಟ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಹಾಗೆ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ ಎಂದು ದಿನವೂ ಗಿರಾಕಿಗಳಿಗೆ ಬುದ್ಧಿ ಹೇಳುವವನು ಅವನೇ.

"ಹಾಗಾದ್ರೆ ಮುಂದಿನ ಭಾನುವಾರ..." ಎಂದ.

"ಬರ್ತೀನಿ" ಎಂದಳು. "ಆದ್ರೆ ಆ ಕುರ್ಚಿ ಮೇಷ್ಟ್ರೇ ಇಟ್ಕೊಳ್ಳಲಿ. ನಾನು ನಿಮ್ಮ ಪಕ್ಕದಲ್ಲೇ ಕೂರೋದು. ರಿಮೋಟ್ ನನ್ನ ಕೈಯಲ್ಲಿರಬೇಕು, ಅಷ್ಟೇ."