ಲ್ಯಾವೆಂಡರ್ ಗಟ್ಟಿ

ಗಂಡ ಸತ್ತ ಮೇಲೆ ಕೊರಾಲಿಗೆ ಉಳಿದದ್ದು ಒಂದೇ ಆಸೆ: ಅತ್ತೆ ಜಿಸ್ಲೇನಳ ಸಾಬೂನು ಕೊಟ್ಟಿಗೆಯಿಂದ ಬಿಡುಗಡೆ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಆ ಬೆಟ್ಟದೂರಿನ ಶನಿವಾರದ ಸಂತೆಯಲ್ಲಿ ಸಾಬೂನು ಮಾರಲು ತನ್ನದೇ ಒಂದು ಮೇಜು ಸಿಕ್ಕರೆ ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡಬಹುದಿತ್ತು. ಮೇಜು ಕೇಳುವವರು ತಾವೇ ಎರೆದ ಹಸಿ ಸಾಬೂನಿನ ಗಟ್ಟಿಯನ್ನು ಸಂತೆಯವರ ಕಣ್ಣೆದುರೇ ಅಚ್ಚಿನಿಂದ ತೆಗೆದು ಕೊಯ್ಯಬೇಕು. ಕಾರ್ಖಾನೆಯ ಮಾಲು ತಂದು ಕೈಕೆಲಸ ಎನ್ನುವ ಕಳ್ಳರನ್ನು ತಡೆಯಲು ಮಾಡಿಕೊಂಡ ಪದ್ಧತಿ.

ಇಷ್ಟು ವರ್ಷ ಕೊರಾಲಿ ಕಲಕಿದ್ದಳು, ಪೊಟ್ಟಣ ಕಟ್ಟಿದ್ದಳು. ಹೂವು ಬೆರೆಸುವಾಗ ಮಾತ್ರ ಅತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಕೇಳಲೇಬೇಕಾಯಿತು.

“ಅತ್ತೆ, ಲ್ಯಾವೆಂಡರ್ ಹೂವು ಮೇಲೆ ಉದುರಿಸಿದ್ರೆ ಸಾಕಾ, ಒಳಗೂ ಹಾಕ್ಬೇಕಾ?”

“ಒಳಗೆ ಹಾಕ್ದೆ ಲ್ಯಾವೆಂಡರ್ ಸಾಬೂನು ಅಂತ ಯಾವ ಬಾಯಲ್ಲಿ ಹೇಳ್ತೀಯೆ? ಕೈ ಬಿಚ್ಚಿ ಹಾಕು. ಜಿಪುಣತನ ನಿನ್ನ ತೌರಿಗಿರ್ಲಿ.”

ಬೈಗುಳದಲ್ಲೂ ಅಕ್ಕರೆ ಕಂಡಿತು ಪಾಪದವಳಿಗೆ. ಮುದುಕಿಯ ಎರಡೂ ಕೆನ್ನೆಗೆ ಮುತ್ತಿಟ್ಟಳು.

ಶನಿವಾರ ಅಚ್ಚು ಬಿಚ್ಚಿದಾಗ ಗಟ್ಟಿಯ ಮೇಲಿನ ಹೂವು ನೇರಳೆಯಾಗಿಯೇ ಇತ್ತು. ಸಂತೆಯ ಯಜಮಾನ ಓನೊರಾ ತಲೆದೂಗಿದ. ಕೊರಾಲಿ ಗಟ್ಟಿಯ ಪಕ್ಕಗಳಿಗೆ ಸುತ್ತಿದ್ದ ಕಾಗದ ಬಿಡಿಸಿದಳು. ಪಕ್ಕಗಳ ತುಂಬ ಕಂದು ಕಾಳು, ಕಾಳಿನ ಸುತ್ತ ಕಂದು ಕಲೆ. ಒಳಗಾದರೂ ಚೆನ್ನಾಗಿರಬಹುದೆಂದು ಕೊಯ್ದಳು. ಒಳಗೆ ಇನ್ನೂ ಹೊಲಸು.

“ಇದೇನಮ್ಮ, ಇಲಿ ಹಿಕ್ಕೆ ಹಾಕಿದೀಯಾ?” ಎಂದಳು ಚೀಸ್ ಮಾರುವವಳು.

ಸಂತೆಗೆ ಸಂತೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಜಿಸ್ಲೇನ್. ಒಂದು ತುಂಡೆತ್ತಿ ಎಲ್ಲರಿಗೂ ತೋರಿಸಿದಳು. “ನನ್ನ ಸೊಸೇದು. ಕಲೀತಾಳೆ ಬಿಡಿ, ಇನ್ನೆಲ್ಲಿ ಹೋಗ್ತಾಳೆ?”

“ಮುಂದಿನ ವರ್ಷ ನೋಡೋಣ,” ಎಂದು ಓನೊರಾ ಮುಂದೆ ನಡೆದ.

ಸೋಮವಾರ ಕೊರಾಲಿ ಮತ್ತೆ ಅದೇ ಕೊಟ್ಟಿಗೆಯಲ್ಲಿ ಕಲಕುತ್ತಿದ್ದಳು. ಅತ್ತೆ ಈ ಸಲ ಬಾಗಿಲು ಹಾಕಲಿಲ್ಲ. ಕಿತ್ತಳೆ ಬಣ್ಣದ ಕ್ಯಾಲೆಂಡುಲ ಹೂವಿನ ಎಸಳನ್ನು ಅವಳ ಮುಂದೆ ಸುರಿದಳು.

“ಇದನ್ನ ಹಾಕು. ಸಾಬೂನಿಗೆ ಹಾಕೋ ಕಾಸ್ಟಿಕ್ ಸೋಡಾಕ್ಕೂ ಇದರ ಬಣ್ಣ ಹೋಗಲ್ಲ. ಲ್ಯಾವೆಂಡರ್ ಆದ್ರೆ ಒಳಗೆ ಬಿದ್ದ ಮಾರನೇ ದಿನಾನೇ ಕಂದು.”

“ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಸಾಬೂನು ಮಾಡ್ತೀನಾ?”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೊರಟು ನಿಂತವಳಿಗೆ ಯಾಕೆ ಹೇಳ್ಬೇಕು? ಈಗ ಹೇಳ್ತಿದೀನಲ್ಲ. ಹೋಗು, ಕೈ ತೊಳ್ಕೊಂಡು ಬಾ.”

ತೊಟ್ಟಿಯ ಅಂಚಿನಲ್ಲಿ ಅವಳದೇ ಕಂದು ತುಂಡುಗಳನ್ನು ಅತ್ತೆ ಅಂದವಾಗಿ ಜೋಡಿಸಿಟ್ಟಿದ್ದಳು. ಬೇರೆ ಸಾಬೂನು ಅಲ್ಲಿರಲಿಲ್ಲ. ಇನ್ನೂ ಮಾಗದ ಹಸಿ ಸಾಬೂನು ಅಂಗೈಯನ್ನು ಸುಟ್ಟಿತು. ಕೊರಾಲಿ ಉಜ್ಜಿ ಉಜ್ಜಿ ತೊಳೆದುಕೊಂಡಳು, ಯಾಕೆಂದರೆ ಅತ್ತೆ ನೋಡುತ್ತಿದ್ದಳು.