ಹೊಗೆಯಿಲ್ಲದ ವಾರ

ನನ್ನ ಗಂಡ ಕ್ಲಿಫರ್ಡ್ ಶುದ್ಧ ಮರೆಗುಳಿ. ಎರಡನೇ ಮಹಾಯುದ್ಧ ಮುಗಿದು ಐದಾರು ವರ್ಷವಾಗಿತ್ತು. ಉತ್ತರ ಇಂಗ್ಲೆಂಡಿನ ನಮ್ಮ ಬ್ಲ್ಯಾಕ್‌ಬರ್ನ್ ಊರಾಚೆಯ ಕಾರ್ಖಾನೆಯಲ್ಲಿ, ಮುಂದೆ ತಿರುಗುವ ಫ್ಯಾನೇ ಇಲ್ಲದ ಹೊಸ ಜೆಟ್ ಬಾಂಬರ್ ತಯಾರಾಗಿತ್ತು. ಅಂಥದೇ ಒಂದು ವಿಮಾನಕ್ಕೆ ಬಾಂಬಿನ ಬದಲು ಕ್ಯಾಮೆರಾ ಕೂರಿಸುತ್ತಿದ್ದರು, ಎತ್ತರದಿಂದ ಶತ್ರುವಿನ ನೆಲದ ಚಿತ್ರ ತೆಗೆಯಲು. ಆ ಕ್ಯಾಮೆರಾದ ಚೌಕಟ್ಟು ಕ್ಲಿಫ್‌ನ ಕೈಕೆಲಸ.

ಪರೀಕ್ಷೆಗೆ ನಮ್ಮೂರಿನ ಚಿತ್ರವನ್ನೇ ತೆಗೆದರು, ಇಲ್ಲಿಯ ಸಂದುಗೊಂದಿಯೆಲ್ಲ ಅವರಿಗೆ ಗೊತ್ತಿತ್ತಲ್ಲ. ಪ್ರತಿ ಸಲವೂ ಚಿತ್ರ ಪಾತ್ರೆ ತೊಳೆದ ನೀರಿನ ಹಾಗೆ ಮಸುಕು. ಚೌಕಟ್ಟು ನಡುಗುತ್ತಿದೆ ಎಂದರು. ಕ್ಲಿಫ್ ಬಿಗಿ ಮಾಡಿದ, ರಬ್ಬರ್ ಇಟ್ಟ, ಬಿಚ್ಚಿ ಮತ್ತೆ ಕಟ್ಟಿದ. ಊಹೂಂ. ಕೊನೆಗೆ ಮೇಲ್ವಿಚಾರಕ ಎಂಟ್ವಿಸಲ್ ಮನೆಗೇ ಬಂದ.

"ಜುಲೈ ಮುಗಿಯೋದ್ರೊಳಗೆ ಚಿತ್ರ ಸರಿ ಬರ್ದಿದ್ರೆ ಈ ಕೆಲ್ಸ ದಕ್ಷಿಣದ ಕಾರ್ಖಾನೆಗೆ ಹೋಗುತ್ತೆ ಕ್ಲಿಫ್. ಜೊತೆಗೆ ನೀನೂ ಹೋಗ್ಬೇಕಾಗುತ್ತೆ."

ನನ್ನ ಅಮ್ಮನ ಮನೆ ಎರಡು ಮನೆ ಆಚೆ. ಈ ಬೀದಿ ಬಿಟ್ಟು ನಾನು ಎಲ್ಲಿಗೆ ಹೋಗಲಿ?

ಅಷ್ಟರಲ್ಲಿ ರಜೆಯ ವಾರ ಬಂತು. ಆ ವಾರ ಹತ್ತಿಗಿರಣಿಗಳೆಲ್ಲ ಬಾಗಿಲು ಹಾಕುತ್ತವೆ, ಊರಿಗೆ ಊರೇ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಹೊರಡುತ್ತದೆ. ಕ್ಯಾಮೆರಾ ಕೆಲಸವಿದೆ, ಬರುವುದಿಲ್ಲ ಎಂದ ಕ್ಲಿಫ್.

"ನೀನು ಎಂಟ್ವಿಸಲ್‌ನನ್ನೇ ಕಟ್ಕೋಬೇಕಿತ್ತು" ಎಂದೆ.

"ಅವ್ನಿಗೆ ನಿನ್ನಷ್ಟು ಚೆನ್ನಾಗಿ ಬೈಯೋಕೆ ಬರಲ್ಲ ವಿನಿ."

"ಹಿತ್ತಲಲ್ಲಿ ಹಾಸಿಗೆಬಟ್ಟೆ ಒಣಗಹಾಕಿದೀನಿ. ಮಧ್ಯಾಹ್ನದೊಳಗೆ ತೆಗೆದಿಡು. ಮರೆತೆಯೋ, ಮಸಿ ಕೂರುತ್ತೆ, ನೀನೇ ಒಗೀಬೇಕು."

"ಆಯ್ತು ಮಾರಾಯ್ತಿ."

ಅಮ್ಮನ ಜೊತೆ ಸಮುದ್ರ ನೋಡಿದೆ, ಕರಿದ ಮೀನು ತಿಂದೆ, ತಲೆ ತುಂಬ ದಕ್ಷಿಣದ್ದೇ ಯೋಚನೆ. ವಾಪಸು ಬಂದಾಗ ಕ್ಲಿಫ್ ಸ್ಟೇಷನ್ನಿನಲ್ಲಿ ಒಬ್ಬನೇ ನಗುತ್ತ ನಿಂತಿದ್ದ. ಮನೆಗೆ ಬಂದವನೇ ಅಡುಗೆಮನೆ ಮೇಜಿನ ಮೇಲೆ ಒಂದು ಚಿತ್ರ ಹರಡಿದ. ನಮ್ಮೂರು. ಚರ್ಚು, ಕಾಲುವೆ, ಒಂದೊಂದು ಹೆಂಚೂ ಎಣಿಸುವಷ್ಟು ಸ್ಪಷ್ಟ.

"ಚೌಕಟ್ಟು ನಡುಗ್ತಾನೇ ಇರ್ಲಿಲ್ಲ ವಿನಿ. ಎಲ್ಲಾ ಗಿರಣಿ ಹೊಗೆ, ಈ ವಾರ ಅದಿಲ್ಲ. ಎಂಟ್ವಿಸಲ್, ನಾನು, ವಿಮಾನ ಹಾರಿಸೋನು, ಎಲ್ರೂ ಇಲ್ಲೇ ಹುಟ್ಟಿದೋರು. ಒಬ್ಬನಿಗೂ ಹೊಳೀಲಿಲ್ಲ. ನಾವು ಅದನ್ನೇ ಆಕಾಶ ಅಂದ್ಕೊಂಡಿದ್ವಿ."

"ಹಂಗಾದ್ರೆ ದಕ್ಷಿಣ?"

"ಅದು ಅಲ್ಲೇ ಇರ್ಲಿ. ನಾವು ಇಲ್ಲೇ."

ಸಮಾಧಾನದಿಂದ ಕುರ್ಚಿ ಎಳೆದು ಕೂತೆ. ಆಮೇಲೆ ಅವನ ಭೂತಗನ್ನಡಿ ಹಿಡಿದು ನಮ್ಮ ಮನೆ ಹುಡುಕಿದೆ. ಹಿತ್ತಲಲ್ಲಿ ನಾಲ್ಕು ಬಿಳಿ ಚೌಕಗಳು.

"ಇದು ಯಾವತ್ತಿನ ಚಿತ್ರ?"

"ಗುರುವಾರದ್ದು."

"ನಾನು ಒಣಗಹಾಕಿದ್ದು ಶನಿವಾರ."

ಕ್ಲಿಫ್ ಸೂರು ನೋಡಿದ. "ಎರಡು ಸಲ ಮಳೇಲಿ ನೆಂದು ಒಣಗಿವೆ. ಇನ್ನೊಂದ್ಸಲ ಒಗೆದಂಗೇ ಆಯ್ತಲ್ಲ."

ಬೈಯಲು ಬಾಯಿ ತೆರೆದೆ. ಆದರೆ ಆ ಇಡೀ ಚಿತ್ರದಲ್ಲಿ ನನ್ನ ಬಟ್ಟೆಯಷ್ಟು ಬೆಳ್ಳಗೆ ಬೇರೇನೂ ಇರಲಿಲ್ಲ. ಮದುವೆಯಾದಾಗಿನಿಂದ ಅವನ್ನು ತಿಕ್ಕಿ ತಿಕ್ಕಿ ಒಗೆದಿದ್ದೇನೆ, ಅಷ್ಟು ಬಿಳುಪೆಂದು ನನಗೇ ಗೊತ್ತಿರಲಿಲ್ಲ.

ಇಬ್ಬರೂ ಹಿತ್ತಲಿಗೆ ಹೋದೆವು. ಬಟ್ಟೆ ಇನ್ನೂ ಹಗ್ಗದ ಮೇಲೇ ಇತ್ತು. ಗಿರಣಿ ಶುರುವಾಗುವುದು ಸೋಮವಾರ. ಅಲ್ಲಿಯವರೆಗೆ ಇರಲಿ ಎಂದು ನಾನೂ ತೆಗೆಯಲಿಲ್ಲ.