ನೀರು ಮುಟ್ಟದ ಜಾಕೆಟ್

ಜಾಕೆಟ್ಟನ್ನು ಮುಖಕ್ಕೆ ಒತ್ತಿಕೊಂಡ ಡೆರಿಕ್ ಬೆಂಕಿ ತಾಗಿದವನಂತೆ ಹಿಂದೆ ಸರಿದ.

“ಇದೇನಿದು ವಾಸನೆ? ಮಾರೀನ್, ಏನ್ ಮಾಡಿದೀಯ ಇದಕ್ಕೆ?”

“ಒಗೆದೆ ಕಣೋ, ಎರಡೆರಡು ಸಲ. ನೀರು ಚರಂಡಿ ನೀರಿನ ಥರ ಬಂತು! ಅಂಥದ್ದನ್ನ ಹಾಕಿ ಕಳಿಸಿದ್ರೆ ಅಮ್ಮ ಮೇಲೆ ಸ್ವರ್ಗದಲ್ಲಿ ಅವನನ್ನ ಒಳಗೆ ಬಿಟ್ಕೊಳ್ತಿದ್ಲಾ?”

ಶವಸಂಸ್ಕಾರದ ಕಂಪನಿಯ ಹಿಂಬದಿ ಕೋಣೆ. ತೆರೆದ ಪೆಟ್ಟಿಗೆಯಲ್ಲಿ ಮಾರೀನಳ ತಮ್ಮ ನೆವಿಲ್ ಬಿಳಿ ಅಂಗಿ ತೊಟ್ಟು ಮಲಗಿದ್ದ. ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿಪ್ಟನ್ನಿನ ಎರಕದ ಕಾರ್ಖಾನೆಯಲ್ಲಿ ಬೆನ್ನು ಮುರಿಯುವಂತೆ ದುಡಿದವನು, ಅದು ಮುಚ್ಚಿದ ಮೇಲೆ ಯಾರದೋ ಗೋದಾಮು ಕಾದವನು. ಮದುವೆಯಿಲ್ಲ, ಮಕ್ಕಳಿಲ್ಲ. ಇದ್ದದ್ದು ಹೆವಿ ಮೆಟಲ್ ಸಂಗೀತದ ಹುಚ್ಚು, ಡೆರಿಕ್, ಕೆನ್ ಎಂಬ ಇಬ್ಬರು ಗೆಳೆಯರು, ಈ ತೋಳಿಲ್ಲದ ಡೆನಿಮ್ ಜಾಕೆಟ್. ನೋಡಿದ ಒಂದೊಂದು ಸಂಗೀತ ಕಛೇರಿಗೂ ಅದರ ಮೇಲೊಂದು ತೇಪೆ. ಅದಕ್ಕೆ ಜನ್ಮದಲ್ಲಿ ನೀರು ಮುಟ್ಟಿಸಬಾರದು; ಆ ಸಂಗೀತದ ಹುಚ್ಚಿನ ಜನರ ಮಡಿ ಅದು.

“ಅದರಲ್ಲಿ ಕೆನ್ ಇದ್ದ,” ಎಂದ ಡೆರಿಕ್.

“ಯಾವ ಕೆನ್ನೋ? ಅವನು ಸತ್ತು ಯಾವ ಕಾಲ ಆಯ್ತು!”

*

ಕಾರ್ಖಾನೆಯ ದಿನಗಳಲ್ಲಿ ಮೂವರೂ ಶುಕ್ರವಾರದ ಪಾಳಿ ಮುಗಿಸಿ, ಕೈಯ ಮಸಿಯನ್ನೂ ತೊಳೆಯದೆ ಬರ್ಮಿಂಗ್‌ಹ್ಯಾಮಿನ ಬಸ್ಸು ಹತ್ತುತ್ತಿದ್ದರು. ಗಿಟಾರು ಗುಡುಗಿದರೆ ಎದೆಗೂಡೇ ನಡುಗುತ್ತಿತ್ತು. ವಾರವಿಡೀ ಯಂತ್ರಗಳ ಬೈಗುಳ ಕೇಳಿದ ಹುಡುಗರು ಅಲ್ಲಿ ತಿರುಗಿ ಬೈದು ಬರುತ್ತಿದ್ದರು. ಎಂಥಾ ದಿನಗಳಪ್ಪಾ ಅವು! ಒಂದು ಸಂಜೆ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ಬಡಿದು ಕೆನ್‌ನ ಮೂಗು ಒಡೆಯಿತು. ಅವನು ನಗುತ್ತಲೇ ನೆವಿಲ್‌ನ ಬೆನ್ನಿಗೆ ರಕ್ತ ಒರೆಸಿದ.

“ಇನ್ನು ನನ್ನನ್ನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ ಕಣೋ ನೀನು!”

ಆ ಚಳಿಗಾಲದಲ್ಲೇ ಕುದಿಯುವ ಕಬ್ಬಿಣ ಕೆನ್‌ನ ಮೇಲೆ ಚೆಲ್ಲಿತು. ಮುಖ ನೋಡಲೂ ಸಿಗಲಿಲ್ಲ, ಪೆಟ್ಟಿಗೆ ಮುಚ್ಚಿಯೇ ತಂದಿದ್ದರು. ಸಮಾಧಿಯ ಪಕ್ಕದಲ್ಲೇ ನೆವಿಲ್ ಡೆರಿಕ್‌ನಿಂದ ಮಾತು ತೆಗೆದುಕೊಂಡ: ತಾನು ಹೋಗುವಾಗ ಜಾಕೆಟ್ ಮೈಮೇಲಿರಬೇಕು, ಇದ್ದ ಹಾಗೇ. ಡೆರಿಕ್ ಕೂಡ ತನ್ನ ಜಾಕೆಟ್ಟಿಗೆ ಅವನಿಂದ ಅಂಥದೇ ಮಾತು ತೆಗೆದುಕೊಂಡ.

*

“ಒಂದ್ ಮಾತು ಹೇಳಬಾರದಿತ್ತೇನೋ ನನಗೆ?” ಮಾರೀನ್ ಅಳತೊಡಗಿದಳು. “ಪ್ರೀತಿಯಿಂದಾನೇ ಒಗೆದೆ ಕಣೋ.”

“ಗೊತ್ತು ಮಾರಾಯ್ತಿ, ಗೊತ್ತು.”

ಅವಳನ್ನು ಬೈಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಅವನ ಕೈಲಾಗಲಿಲ್ಲ. ಒಂದೇ ಒಂದು ಮಾತು ಕೊಟ್ಟಿದ್ದ, ಅದೂ ಸೋಪಿನ ನೊರೆಯಲ್ಲಿ ಹೋಗಿತ್ತು.

ಕಂಪನಿಯವನು ಬಾಗಿಲಲ್ಲಿ ಕೆಮ್ಮಿದ. “ಹೊತ್ತಾಯ್ತು ಸಾರ್. ಮುಚ್ಚಳ ಹಾಕ್ಲಾ?”

“ತಡಿಯಪ್ಪ.”

ಡೆರಿಕ್ ತಾನು ತೊಟ್ಟಿದ್ದ ಜಾಕೆಟ್ ಬಿಚ್ಚಿದ. ಬೆವರು, ಬಿಯರು, ಸಿಗರೇಟು, ಕಾರ್ಖಾನೆಯ ಮಸಿ ಎಲ್ಲ ಒಟ್ಟಿಗೆ ಕೋಣೆಗೆ ನುಗ್ಗಿತು. ಕಂಪನಿಯವನು ಮುಖ ಆಚೆ ತಿರುಗಿಸಿದ.

“ಬೇಡ್ವೋ,” ಮಾರೀನ್ ಅವನ ಕೈ ಹಿಡಿದಳು. “ನಾಳೆ ನೀನು ಹೋಗುವಾಗ ಏನ್ ಹಾಕ್ಕೊಳ್ತೀಯ?”

“ನನಗೆ ತೊಡಿಸೋಕೆ ಯಾರಿದಾರೆ ಇನ್ನು?”

ಅವಳು ಕೈ ಬಿಟ್ಟಳು. ಇಬ್ಬರೂ ಸೇರಿ ತಣ್ಣನೆಯ ಭುಜಗಳನ್ನೆತ್ತಿ ತೊಡಿಸಿದರು. ಜಾಕೆಟ್ ದೊಗಳೆಯಾಯಿತು, ಕಾಯಿಲೆ ಅವನನ್ನು ಅಷ್ಟು ತಿಂದಿತ್ತು.

ಡೆರಿಕ್ ಚಳಿಯಲ್ಲಿ ಶವದ ಗಾಡಿಯ ಹಿಂದೆ ನಡೆದ. ಅವನ ಕರಿ ಅಂಗಿಯ ತೋಳುಗಳು ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿದ್ದವು. ಬೆನ್ನಿನ ಮೇಲೆ, ಜಾಕೆಟ್ ಕೂತಿದ್ದಷ್ಟು ಜಾಗ ಮಾತ್ರ, ಹೊಸದರಂತೆ ಕಪ್ಪಗಿತ್ತು.